ಮಿಲ್‌ಹಿಲ್ ವಾರ್ಡಿನ ಸೋಲು

ಪರ್ತ್‌ಗೆ ಬಂದ ಮೊದಲ ಬೇಸಿಗೆಯಲ್ಲೇ, ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿ ತೋಟದ ಪಕ್ಕ ನಡೆದ ಪಿಕ್‌ನಿಕ್ಕಿನಲ್ಲಿ, ತನ್ನ ಸೋಲನ್ನು ಗಂಡ ಒಂದು ನಗೆಚಟಾಕಿ ಮಾಡಿಕೊಂಡಿದ್ದಾನೆ ಎಂಬುದು ಡಾಕ್ಟರ್ ವಿಶಾಲಾಕ್ಷಿಗೆ ಗೊತ್ತಾಯಿತು.

೧೯೭೮ರ ಜನವರಿ, ಅಲ್ಲಿನ ನಡುಬೇಸಿಗೆ. ಮರದ ನೆರಳಿನಲ್ಲಿ ಜಮಖಾನ ಹಾಸಿಕೊಂಡು ನಾಲ್ಕೈದು ಕುಟುಂಬಗಳು ಕೂತಿದ್ದವು. ಎಲ್ಲರೂ ಊರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕರ್ನಾಟಕದ ಡಾಕ್ಟರುಗಳು. ಮಂಗಳೂರಿನ ಡಿಸೋಜಾ ಬೆಂಕಿ ಹೊತ್ತಿಸಿ ಸಾಸೇಜ್ ತಿರುವುತ್ತಿದ್ದರು. ಹೆಂಗಸರು ಪುಳಿಯೋಗರೆಯ ಡಬ್ಬಿ ಬಿಚ್ಚುತ್ತಿದ್ದರು. ಅವಳ ಗಂಡ ನಂಜುಂಡಸ್ವಾಮಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು; ನಾಲ್ಕು ಜನ ಸೇರಿದರೆ ಮಾತಿಗೆ ನಿಲ್ಲುವ ಮನುಷ್ಯ. ಮೂಳೆ ಡಾಕ್ಟರು ವೇಣುಗೋಪಾಲನ ಹೆಗಲ ಮೇಲೆ ಕೈ ಹಾಕಿ ಅವನು ಹೇಳುತ್ತಿದ್ದ:

"ನಮ್ಮ ಮನೆಯವ್ಳು ಸ್ಕಾಟ್ಲೆಂಡಲ್ಲಿ ಕೌನ್ಸಿಲರ್ ಆಗಿದ್ಲು, ಗೊತ್ತಾ ನಿನಗೆ? ಎಲೆಕ್ಷನ್ ಗೆದ್ದು! ಮೂರೇ ವರ್ಷ. ಆಮೇಲೆ ಇಡೀ ಪಾರ್ಟಿನೇ ಮುಳುಗಿಸಿಬಿಟ್ಲು. ಅದಕ್ಕೇ ಹಡಗು ಹತ್ತಿಸಿ ಇಲ್ಲಿಗೆ ಕರ್ಕೊಂಡು ಬಂದ್ಬಿಟ್ಟೆ."

ವೇಣುಗೋಪಾಲ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಮೇಡಂ, ಇಲ್ಲಿ ನಮ್ಮ ಹಾಸ್ಪಿಟಲ್ ಒಂದು ಮುಳುಗಿಸ್ಬೇಡಿ!"

ವಿಶಾಲಾಕ್ಷಿ ಕೈಯಲ್ಲಿದ್ದ ತಟ್ಟೆಯನ್ನು ಜಮಖಾನದ ಮೇಲಿಟ್ಟಳು.

"ಯಾರ್ರೀ ಮುಳುಗಿಸಿದ್ದು?" ಎಂದಳು. "ಸರಿಯಾಗಿ ಹೇಳಿ. ಎಲ್ಲರೂ ಕೇಳ್ಲಿ."

"ತಮಾಷೆಗೆ ಕಣೇ..."

"ಗ್ಲಾಸ್ಗೋದಲ್ಲಿ ಪಾರ್ಟಿಯವ್ರು ಸೋತ್ರಲ್ಲ, ಅಲ್ಲೂ ನಾನೇ ನಿಂತಿದ್ನಾ? ಇಡೀ ಸ್ಕಾಟ್ಲೆಂಡಲ್ಲಿ ಕೌನ್ಸಿಲ್ ಮೇಲೆ ಕೌನ್ಸಿಲ್ ಹೋಯ್ತು. ಎಲ್ಲಾ ಕಡೆ ನಾನೇ ನಿಂತಿದ್ನಾ?"

ಯಾರೂ ನಗಲಿಲ್ಲ. ಡಿಸೋಜಾ ಬೆಂಕಿಯ ಕಡೆ ಮುಖ ತಿರುಗಿಸಿಕೊಂಡರು. ಹತ್ತು ವರ್ಷದ ಮಗಳು ಜಯಮಾಲಾ ಓಡಿ ಬಂದು, "ಮಮ್, ವಾಟ್ ಹ್ಯಾಪನ್ಡ್?" ಎಂದು ಕೇಳಿದಳು. ವಿಶಾಲಾಕ್ಷಿ ಅವಳ ಕೈ ಹಿಡಿದು ಕಾರಿನ ಹತ್ತಿರ ಹೋಗಿ ನಿಂತುಬಿಟ್ಟಳು.

ಆದದ್ದು ಇಷ್ಟು.

ಗಂಡ ಹೆಂಡತಿ ಇಬ್ಬರೂ ಮೈಸೂರಿನಲ್ಲಿ ಓದಿ, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಕಿಲ್‌ಬ್ರಾಯ್ ಎಂಬ ಸಣ್ಣ ಊರಿಗೆ ಹೋಗಿದ್ದರು. ಅವನಿಗೆ ಆಸ್ಪತ್ರೆಯಲ್ಲಿ ಕೆಲಸ. ಅವಳಿಗೆ ಮಿಲ್‌ಹಿಲ್ ಎಂಬ ಗುಡ್ಡದ ಬುಡದ ಒಂದು ಕ್ಲಿನಿಕ್ಕು. ಗುಡ್ಡದ ಮೇಲೆ ಸಾಲು ಸಾಲಾಗಿ ಊರಿನ ಪುರಸಭೆಯಾದ ಕೌನ್ಸಿಲ್ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮನೆಗಳು. ಗೋಡೆಗಳು ವರ್ಷವಿಡೀ ಒದ್ದೆ. ಗೋಡೆಗೆ ಅಂಟಿಸಿದ ಬಣ್ಣದ ಕಾಗದ ಎಳೆದರೆ ಹಿಂದೆ ಕಪ್ಪು ಬೂಷ್ಟು. ಆ ಮನೆಗಳ ಮಕ್ಕಳು ಸೆಪ್ಟೆಂಬರಿನಲ್ಲಿ ಕೆಮ್ಮಲು ಶುರುಮಾಡಿದರೆ ಮೇ ತಿಂಗಳವರೆಗೂ ಕೆಮ್ಮುತ್ತಿದ್ದವು. ವಿಶಾಲಾಕ್ಷಿ ಔಷಧಿ ಬರೆದಳು. ಮತ್ತೆ ಬರೆದಳು. ಒಂದು ದಿನ ಬೇಸರ ಹತ್ತಿ ಕೌನ್ಸಿಲ್ ಕಚೇರಿಗೇ ಹೋದಳು. ಅಲ್ಲಿದ್ದ ಅಧಿಕಾರಿ ತಣ್ಣಗೆ ಹೇಳಿದ: "ಗೋಡೆಯಲ್ಲಿ ತಪ್ಪಿಲ್ಲ ಡಾಕ್ಟರ್. ಬಾಡಿಗೆದಾರರು ಕಿಟಕಿ ಮುಚ್ಚಿಕೊಂಡು ವಿಪರೀತ ಉಸಿರಾಡುತ್ತಾರೆ."

ಆ ಮಾತು ಅವಳ ಮೈಯುರಿಸಿತು. ಉಸಿರಾಡುವುದೇ ತಪ್ಪಂತೆ! ಕ್ಲಿನಿಕ್ಕಿಗೆ ಬಂದವರಿಗೆಲ್ಲ ಅದನ್ನು ಹೇಳಿದಳು. ಮಾತು ಊರೆಲ್ಲ ಹಬ್ಬಿತು. ಆಗ ಅವಳನ್ನು ಹುಡುಕಿಕೊಂಡು ಬಂದವನು ಡಂಕನ್ ಮೆಕ್‌ಫೇಲ್. ಕಾರ್ಮಿಕರ ಪಕ್ಷದ ಊರ ಶಾಖೆಯ ಕಾರ್ಯದರ್ಶಿ, ಪಕ್ಕದ ವಾರ್ಡಿನಿಂದ ತಾನೂ ಕೌನ್ಸಿಲರ್ ಆಗಲು ಹೊರಟವನು. ದಪ್ಪ ಮೀಸೆ, ದೊಡ್ಡ ದನಿ.

"ಈ ಗುಡ್ಡದ ಮೇಲೆ ನಿಮ್ಮನ್ನು ತಿಳಿಯದ ತಾಯಿ ಒಬ್ಬಳೂ ಇಲ್ಲ. ಮಿಲ್‌ಹಿಲ್ ವಾರ್ಡಿಗೆ ನೀವೇ ನಿಲ್ಲಬೇಕು," ಎಂದ.

೧೯೭೪ರಲ್ಲಿ ಅವಳು ನಿಂತಳು. ಸೀರೆಯ ಮೇಲೆ ಮಳೆಕೋಟು ತೊಟ್ಟು ಬಾಗಿಲು ಬಾಗಿಲು ತಟ್ಟಿದಳು. ಗೆದ್ದಳು. ಮೂರು ವರ್ಷ ಪ್ರತಿ ಸಭೆಯಲ್ಲೂ ಗೋಡೆಯ ಮಾತೇ ಎತ್ತಿ ಎತ್ತಿ, ಗುಡ್ಡದ ಅರ್ಧ ಮನೆಗಳಿಗೆ ಗೋಡೆ ರಿಪೇರಿ ಮಾಡಿಸಿ, ಹೀಟರ್ ಹಾಕಿಸಿದಳು. ಉಳಿದರ್ಧಕ್ಕೆ ಮಂಜೂರಾತಿಯನ್ನೂ ತಂದಳು.

ಅಷ್ಟರಲ್ಲಿ ೧೯೭೭ರ ಮೇ ಬಂತು. ಬೆಲೆಗಳು ಏರಿ, ಕಾರ್ಖಾನೆಗಳು ಮುಚ್ಚಿ, ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದ ಅವಳ ಪಕ್ಷದ ಮೇಲೆ ಜನ ಕೋಪಗೊಂಡಿದ್ದರು. ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕು ಎನ್ನುವ ಪಕ್ಷದ ಕಡೆ ಗಾಳಿ ಬೀಸುತ್ತಿತ್ತು. ಎಷ್ಟೋ ವರ್ಷಗಳಿಂದ ಅಲುಗಾಡದ ಊರುಗಳೇ ಕೈಬಿಟ್ಟು ಹೋದವು. ಕಿಲ್‌ಬ್ರಾಯ್ ಕೂಡ ಹೋಯಿತು. ಪಕ್ಷದವರು ಒಬ್ಬರ ಹಿಂದೊಬ್ಬರು ಸೋತರು. ಡಂಕನ್ ಕೂದಲೆಳೆಯಲ್ಲಿ ಉಳಿದುಕೊಂಡ. ವಿಶಾಲಾಕ್ಷಿ ಸೋತಳು, ಆದರೆ ಸೋತವರಲ್ಲೆಲ್ಲ ಅತಿ ಕಡಿಮೆ ಅಂತರದಿಂದ ಸೋತವಳು ಅವಳೇ. ಎಣಿಕೆಯ ಸಭಾಂಗಣದಲ್ಲಿ ನಿಂತಿದ್ದವರಿಗೆಲ್ಲ ಅದು ಗೊತ್ತಿತ್ತು.

ಆ ವಾರ ಊರಿನ ಪತ್ರಿಕೆಯಲ್ಲಿ ಡಂಕನ್ನನ ಹೇಳಿಕೆ ಬಂತು. "ಮಿಲ್‌ಹಿಲ್‌ನಲ್ಲಿ ನಾವು ತಪ್ಪು ಅಭ್ಯರ್ಥಿಯನ್ನು ನಿಲ್ಲಿಸಿದೆವು. ನಮ್ಮವರಲ್ಲದವರನ್ನು ಜನ ಒಪ್ಪುವುದಿಲ್ಲ. ಅದರ ಪೆಟ್ಟು ಊರಿಗೆಲ್ಲ ಬಿತ್ತು."

ವಿಶಾಲಾಕ್ಷಿ ಪತ್ರಿಕೆ ಹಿಡಿದುಕೊಂಡು ಪಕ್ಷದ ಸಭೆಗೆ ಹೋಗಿ, ಎದ್ದು ನಿಂತು, ಇದೇನು ಎಂದು ಕೇಳಿದಳು.

"ಇದು ವೈಯಕ್ತಿಕವಲ್ಲ ಡಾಕ್ಟರ್. ರಾಜಕೀಯ," ಎಂದ ಡಂಕನ್. ಮುಂದಿನ ವಿಷಯ ತೆಗೆದುಕೊಂಡ.

ಸಭೆಯಲ್ಲಿ ಇದ್ದವರಲ್ಲಿ ಅರ್ಧ ಜನರ ಮಕ್ಕಳ ಎದೆಗೆ ಅವಳು ಕಿವಿಗೊಟ್ಟಿದ್ದಳು. ಅವರೆಲ್ಲ ಕೈಯಲ್ಲಿದ್ದ ಕಾಗದ ತಿರುವತೊಡಗಿದರು. ಅವಳ ಕ್ಲಿನಿಕ್ಕಿನ ನರ್ಸ್ ಮೋರಾಗ್ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಗೆ ನಡೆದಳು. ವಿಶಾಲಾಕ್ಷಿ ಅವಳ ಹಿಂದೆ ನಡೆದಳು.

ಮನೆಗೆ ಬಂದರೆ ನಂಜುಂಡಸ್ವಾಮಿ ಆಗಲೇ ಪರ್ತ್‌ನ ಆಸ್ಪತ್ರೆಯೊಂದರ ಕೆಲಸದ ಮಾತು ತೆಗೆದ. "ಬಿಟ್ಬಿಡೇ. ನಮ್ಮೂರಾ ಇದು?" ಎಂದ.

ತನ್ನೂರು ಎಂದೇ ಅವಳು ಅಂದುಕೊಂಡಿದ್ದಳು. ಡಂಕನ್ ಹೇಳಿದ್ದನ್ನೇ ಗಂಡ ಮೆತ್ತಗೆ ಹೇಳಿದಂತಾಯಿತು. ಆ ಸಿಟ್ಟು ಹಡಗಿನಲ್ಲಿ ಅವಳ ಜೊತೆಗೇ ಬಂತು. ಅದರ ಮೇಲೆ ಸ್ವಾನ್ ವ್ಯಾಲಿಯ ಈ ನಗು.

ಪಿಕ್‌ನಿಕ್ಕಿನ ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತ ಅವಳು ಗಂಡನಿಗೆ ಹೇಳಿದಳು: "ಇನ್ನೊಂದ್ಸಲ ಆ ಜೋಕ್ ಹೇಳಿದ್ರೆ, ಅದೇ ಜಾಗದಲ್ಲಿ ಎಲ್ಲರೆದುರಿಗೆ ನಿಮ್ಮನ್ನ ಬಿಡಲ್ಲ."

"ಆಯ್ತು ಮಾರಾಯ್ತಿ. ಜನಕ್ಕೆ ನಗೋಕೆ ಏನಾದ್ರೂ ಬೇಕಲ್ಲ ಅಂತ ಹೇಳ್ದೆ."

"ನಿಮ್ಮ ಸೋಲು ಹೇಳಿ. ನನ್ನದು ಯಾಕೆ?"

ಅವನು ಪತ್ರಿಕೆ ಎತ್ತಿಕೊಂಡ.

೧೯೮೦ರ ಹೊತ್ತಿಗೆ ನಂಜುಂಡಸ್ವಾಮಿಗೆ ಬ್ರಿಸ್ಬೇನಿನಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿತ್ತು. ಟೂವಾಂಗ್ ಎಂಬ ಬಡಾವಣೆಯಲ್ಲಿ, ವಿದ್ಯಾರ್ಥಿಗಳೇ ತುಂಬಿದ ಬೀದಿಯಲ್ಲಿ, ಕಂಬಗಳ ಮೇಲೆ ನಿಂತ ಮರದ ಬಾಡಿಗೆ ಮನೆ. ಜೂನ್ ತಿಂಗಳ ಒಂದು ಮಧ್ಯಾಹ್ನ ಮೋರಾಗ್ ಮೆಟ್ಟಿಲು ಹತ್ತಿ ಬಂದಳು. ಅವಳೂ ಆಗಷ್ಟೇ ಕಿಲ್‌ಬ್ರಾಯ್ ಬಿಟ್ಟು ಬಂದು, ಬ್ರಿಸ್ಬೇನಿನಲ್ಲೇ ನರ್ಸ್ ಕೆಲಸಕ್ಕೆ ಸೇರಿದ್ದಳು. ಇಬ್ಬರೂ ತಬ್ಬಿಕೊಂಡು ಅತ್ತು, ನಕ್ಕು, ವರಾಂಡದಲ್ಲಿ ಚಹಾ ಹಿಡಿದು ಕೂತರು.

"ಮೇ ತಿಂಗಳ ಎಲೆಕ್ಷನ್ನಿನಲ್ಲಿ ಏನಾಯ್ತು ಅಂತ ಕೇಳಿದೆಯಾ?" ಎಂದಳು ಮೋರಾಗ್.

"ಗಾಳಿ ತಿರುಗಿತು ಅಂತ ಓದಿದೆ."

ಗಾಳಿ ಪೂರ್ತಿ ತಿರುಗಿತ್ತು. ಲಂಡನ್ನಿನಲ್ಲಿ ಸರ್ಕಾರ ಬದಲಾಗಿತ್ತು. ಈಗ ಜನರ ಕೋಪ ಆ ಹೊಸ ಸರ್ಕಾರದ ಮೇಲೆ. ಬೇರೆ ದೇಶದ ಕನಸಿನ ಪಕ್ಷ ಮೂರು ವರ್ಷದ ಹಿಂದೆ ಗೆದ್ದದ್ದನ್ನೆಲ್ಲ ಕಳೆದುಕೊಂಡಿತ್ತು. ಅವಳ ಹಳೆಯ ಪಕ್ಷ ಸ್ಕಾಟ್ಲೆಂಡಿನ ಊರೂರಲ್ಲಿ ವಾಪಸ್ ಬಂದಿತ್ತು. ಕಿಲ್‌ಬ್ರಾಯ್‌ನಲ್ಲಿ ಡಂಕನ್ ಈಗ ಕೌನ್ಸಿಲಿನ ನಾಯಕ.

"ಗೆದ್ದ ದಿನ ಭಾಷಣ ಮಾಡಿದ," ಎಂದು ಮೋರಾಗ್ ಚಹಾದ ಕಪ್ಪಿನೊಳಗೆ ನೋಡುತ್ತ ಹೇಳಿದಳು. "ಹೇಳಬಾರದು ಅಂದುಕೊಂಡಿದ್ದೆ. 'ಹಿಂದಿನ ಬಾರಿಯ ತಪ್ಪನ್ನು ತಿದ್ದಿಕೊಂಡೆವು. ಎಲ್ಲಾ ವಾರ್ಡುಗಳಲ್ಲೂ ನಮ್ಮವರನ್ನೇ ನಿಲ್ಲಿಸಿದೆವು. ಫಲ ನೋಡಿ' ಅಂದ. ಎಲ್ಲರೂ ಚಪ್ಪಾಳೆ ಹೊಡೆದರು."

ವಿಶಾಲಾಕ್ಷಿ ಎದ್ದು ನಿಂತಳು. ಕೂತಳು. ಮತ್ತೆ ಎದ್ದಳು.

"ಸೋತಾಗ ಕಾರಣ ನಾನು. ಗೆದ್ದಾಗ ಕಾರಣ ಅವನು. ಗಾಳಿ ಮಾತ್ರ ಯಾವತ್ತೂ ಕಾರಣ ಅಲ್ಲ! ಹೋಗ್ಲಿ, ಮಿಕ್ಕ ಅರ್ಧ ಮನೆಗಳ ಗೋಡೆ?"

"ನಡುವೆ ಬಂದವರು ನಿಲ್ಲಿಸಿಬಿಟ್ಟಿದ್ದರು. ಈಗ ಡಂಕನ್ ಮತ್ತೆ ಶುರು ಮಾಡಿಸಿದ್ದಾನೆ. ತನ್ನ ಯೋಜನೆ ಅಂತ ಹೇಳಿಕೊಳ್ಳುತ್ತಾನೆ."

"ಮಾಡ್ತಿದ್ದಾನಲ್ಲ, ಮಾಡ್ಲಿ," ಎಂದಳು ವಿಶಾಲಾಕ್ಷಿ. ಹಲ್ಲು ಕಚ್ಚಿಕೊಂಡೇ ಹೇಳಿದಳು. ಮಕ್ಕಳ ಎದೆ ನೆಟ್ಟಗಾದರೆ ಸಾಕು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಆದರೂ ಆ ಮಧ್ಯಾಹ್ನವೆಲ್ಲ ಅವಳ ಬಾಯಿಗೆ ಬೇರೆ ಮಾತೇ ಬರಲಿಲ್ಲ. ಕೆಲಸದಿಂದ ಬಂದ ನಂಜುಂಡಸ್ವಾಮಿಗೆ ಹೇಳಿದಾಗ ಅವನು ಟೈ ಸಡಿಲಿಸುತ್ತ, "ಇನ್ನೂ ಅದೇನಾ ನಿನಗೆ? ಸಾವಿರಾರು ಮೈಲಿ ದೂರದ್ದು," ಎಂದ. ಅವಳು ಅಂದು ಅಡುಗೆ ಮಾಡಲಿಲ್ಲ. ತಂದೆ ಮಗಳು ಬ್ರೆಡ್ಡು ಮೊಟ್ಟೆ ತಿಂದರು.

ಎರಡು ವರ್ಷದ ಮೇಲೆ ಅಡಿಲೇಡ್. ಈ ಬಾರಿ ಊರು ಆರಿಸಿದವಳು ವಿಶಾಲಾಕ್ಷಿ. "ನಿಮ್ಮ ಕೆಲಸದ ಹಿಂದೆ ನಾನು ಎರಡು ಸಲ ಪೆಟ್ಟಿಗೆ ಕಟ್ಟಿದೀನಿ. ಮೂರನೇದು ನನ್ನ ಕ್ಲಿನಿಕ್ಕಿಗೆ," ಎಂದು ಅಲ್ಲಿನ ಮಾಡ್ಬರಿ ಬಡಾವಣೆಯ ದೊಡ್ಡ ಶಾಪಿಂಗ್ ಸೆಂಟರಿನ ಹಿಂದಿನ ಬೀದಿಯಲ್ಲಿ ಸ್ವಂತ ಕ್ಲಿನಿಕ್ ತೆರೆದಳು. ನಂಜುಂಡಸ್ವಾಮಿ ತಕರಾರು ಮಾಡದೆ ಹತ್ತಿರದ ಆಸ್ಪತ್ರೆ ಸೇರಿದ.

ಆ ಕಡೆ ಬ್ರಿಟನ್ನಿನಿಂದ ಬಂದು ನೆಲೆಸಿದವರು ಬಹಳ. ಕ್ಲಿನಿಕ್ ತೆರೆದ ಕೆಲವೇ ತಿಂಗಳಲ್ಲಿ ಒಬ್ಬ ತರುಣಿ ಕಿವಿ ಹಿಡಿದು ಅಳುವ ಗಂಡುಮಗುವನ್ನು ಎತ್ತಿಕೊಂಡು ಬಂದಳು. "ನೆನಪಿದೆಯಾ ಡಾಕ್ಟರ್? ಕಿಲ್‌ಬ್ರಾಯ್‌ನಲ್ಲಿ ನಾನು ಸ್ಕೂಲಲ್ಲಿದ್ದಾಗ ನನ್ನ ಟಾನ್ಸಿಲ್ ನೋಡಿದವರು ನೀವೇ. ನಾನು ಫಿಯೋನಾ. ಡಂಕನ್ ಮೆಕ್‌ಫೇಲ್ ಮಗಳು. ನಿಮ್ಮ ಬೋರ್ಡ್ ನೋಡಿ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ!"

ಬೇರೆ ಡಾಕ್ಟರ ಹತ್ತಿರ ಹೋಗಮ್ಮ ಎನ್ನುವ ಮಾತು ವಿಶಾಲಾಕ್ಷಿಯ ನಾಲಿಗೆಯ ತುದಿಗೆ ಬಂದಿತ್ತು. ಮಗು ಚೀರುತ್ತಿತ್ತು. ಅವಳು ಅದರ ಕಿವಿ ನೋಡಿದಳು. ಫಿಯೋನಾ ಒಳ್ಳೆಯ ಹುಡುಗಿ; ಅವಳಿಗೆ ಏನೂ ಗೊತ್ತಿದ್ದಂತೆ ಕಾಣಲಿಲ್ಲ. ಆಗಾಗ ಬರುತ್ತಿದ್ದಳು. ಒಮ್ಮೆ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಅಪ್ಪ ಫೋನಿನಲ್ಲಿ ನಿಮ್ಮನ್ನು ಎಷ್ಟು ಹೊಗಳುತ್ತಾರೆ!"

"ಹೊಗಳುತ್ತಾರಾ?" ಎಂದಳು ವಿಶಾಲಾಕ್ಷಿ. ಫಿಯೋನಾ ಹೋದ ಮೇಲೆ ಮುಂದಿನ ರೋಗಿಯನ್ನು ಬೇರೆ ಹೆಸರಿನಿಂದ ಕರೆದುಬಿಟ್ಟಳು.

೧೯೮೪ರ ಡಿಸೆಂಬರಿನಲ್ಲಿ ಡಂಕನ್ ಮಗಳ ಮನೆಗೆ ಬಂದ. ಆ ವರ್ಷದ ಮೇ ತಿಂಗಳಲ್ಲಿ ಅವನ ಪಕ್ಷ ಕಿಲ್‌ಬ್ರಾಯ್‌ನಲ್ಲಿ ಇನ್ನೂ ಹೆಚ್ಚು ಸೀಟು ಗೆದ್ದಿತ್ತು. ಫಿಯೋನಾ ಬಾರ್ಬಿಗೆ, ಅಂದರೆ ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನುವ ಊಟಕ್ಕೆ, ಕರೆದಳು: "ಸಂಡೇ ಆರ್ವೋ, ಮಧ್ಯಾಹ್ನ ಮೂರಕ್ಕೆ ಬನ್ನಿ ಡಾಕ್ಟರ್, ಮನೆಯವರೆಲ್ಲ ಬನ್ನಿ. ಅಪ್ಪ ನಿಮ್ಮನ್ನು ನೋಡಲೇಬೇಕಂತೆ."

"ಹೋಗೋದು ಬೇಡ," ಎಂದ ನಂಜುಂಡಸ್ವಾಮಿ. "ಹೋದ್ರೆ ಅಲ್ಲಿ ಗಲಾಟೆ ಮಾಡ್ತೀಯ."

"ನಾನು ಯಾವತ್ತು ಗಲಾಟೆ ಮಾಡಿದೀನಿ? ಅವತ್ತು ಮೀಟಿಂಗಲ್ಲಿ ಒಂದು ಪ್ರಶ್ನೆ ಕೇಳಿ ಮನೆಗೆ ಬಂದೆ. ಅಷ್ಟೇ ನಾನು ಮಾಡಿದ್ದು." ಅವಳು ರೇಷ್ಮೆ ಸೀರೆ ತೆಗೆದಳು. "ಹೋಗ್ತೀನಿ. ನೀವು ಬೇಕಾದ್ರೆ ಬನ್ನಿ."

ಅವನು ಬಂದ. ಜಯಮಾಲಾ ಕೂಡ ಬಂದಳು. ಅವಳಿಗೆ ಈಗ ಹದಿನೇಳು.

ಹಿತ್ತಲಲ್ಲಿ ಹುಲ್ಲು ಒಣಗಿ ಹಳದಿಯಾಗಿತ್ತು. ತಗಡಿನ ಚಪ್ಪರದ ಕೆಳಗೆ ಇಪ್ಪತ್ತು ಮಂದಿ. ಅರ್ಧ ಸ್ಕಾಟಿಷ್ ದನಿಗಳು, ಅರ್ಧ ಅಕ್ಕಪಕ್ಕದವರು. ಡಂಕನ್ನನ ಮೀಸೆ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಅವಳನ್ನು ಕಂಡವನೇ ಎರಡೂ ಕೈ ಚಾಚಿಕೊಂಡು ಬಂದ.

"ಡಾಕ್ಟರ್! ಎಲ್ಲರೂ ಇಲ್ಲಿ ಕೇಳಿ, ಇಲ್ಲಿ ಕೇಳಿ!" ಬಿಯರ್ ಕ್ಯಾನಿಗೆ ಉಂಗುರ ಬಡಿದು ಸದ್ದು ಮಾಡಿದ. "ಇವರನ್ನು ಹುಡುಕಿ ತೆಗೆದವನು ನಾನು. ಎಪ್ಪತ್ತನಾಲ್ಕರಲ್ಲೇ! ನಮ್ಮ ಸೀಮೆಯಲ್ಲಿ ಬೇರೆ ಯಾರಿಗೂ ಆ ಧೈರ್ಯವಿರಲಿಲ್ಲ. ಒಬ್ಬ ಭಾರತದ ಹೆಂಗಸನ್ನು ನಿಲ್ಲಿಸಿ ಗೆಲ್ಲಿಸಿದೆ. ಈಗ ಕೌನ್ಸಿಲಿನಲ್ಲಿ ಜನಾಂಗ ಸೌಹಾರ್ದ ಸಮಿತಿ ಅಂತ ಮಾಡಿದ್ದೇವೆ. ನಾನೇ ಅಧ್ಯಕ್ಷ. ಪ್ರತಿ ಸಭೆಯಲ್ಲೂ ನಿಮ್ಮ ಉದಾಹರಣೆ ಹೇಳುತ್ತೇನೆ ಡಾಕ್ಟರ್!"

ಜನ ಚಪ್ಪಾಳೆ ತಟ್ಟಿದರು. ನಂಜುಂಡಸ್ವಾಮಿ ಅಭ್ಯಾಸಬಲದಿಂದ ನಕ್ಕ. ಡಂಕನ್ ಅಳಿಯನಿಗೆ ಕ್ಯಾಮೆರಾ ತರಲು ಹೇಳಿ ಅವಳ ಹೆಗಲ ಮೇಲೆ ಕೈಯಿಟ್ಟ. "ಊರಿನ ಪತ್ರಿಕೆಗೆ ಒಂದು ಫೋಟೋ."

ವಿಶಾಲಾಕ್ಷಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಅದೇ ಪತ್ರಿಕೆಗಾ?" ಎಂದಳು.

"ಏನಂದಿರಿ?"

"ಎಪ್ಪತ್ತೇಳರಲ್ಲಿ ನೀವು ಹೇಳಿಕೆ ಕೊಟ್ಟ ಪತ್ರಿಕೆಗಾ ಅಂತ ಕೇಳಿದೆ. ನಮ್ಮವರಲ್ಲದವರನ್ನು ನಿಲ್ಲಿಸಿ ಊರು ಕಳೆದುಕೊಂಡೆವು ಅಂತ ಹೇಳಿದ್ದಿರಲ್ಲ. ಆ ಪತ್ರಿಕೆ."

ಚಪ್ಪರದ ಕೆಳಗಿದ್ದವರೆಲ್ಲ ಅವರ ಕಡೆ ತಿರುಗಿದರು.

ಡಂಕನ್ ನಗಲು ನೋಡಿದ. "ಓ, ಅದು ಹಳೇ ಕಥೆ. ಆಗಿನ ಕಾಲವೇ ಹಾಗಿತ್ತು ಡಾಕ್ಟರ್."

"ಪತ್ರಿಕೆಗೆ ಹೇಳಿಕೆ ಕೊಟ್ಟದ್ದು ಕಾಲ ಅಲ್ಲ. ನೀವು. ಊರಲ್ಲಿ ನಮ್ಮ ಪಕ್ಷದಿಂದ ಎಷ್ಟೋ ಜನ ಸೋತರು. ಎಲ್ಲರಿಗಿಂತ ಕಡಿಮೆ ಅಂತರದಲ್ಲಿ ಸೋತವಳು ನಾನು. ಆ ಗುಡ್ಡದ ಜನ ನನ್ನನ್ನು ಕೈಬಿಟ್ಟಿರಲಿಲ್ಲ. ಕೈಬಿಟ್ಟದ್ದು ನೀವು. ಎಂಬತ್ತರಲ್ಲಿ ಗಾಳಿ ತಿರುಗಿ ಗೆದ್ದಿರಿ. ಆವತ್ತು, ಅವಳನ್ನು ಕಿತ್ತುಹಾಕಿದ್ದಕ್ಕೇ ಗೆದ್ದೆವು ಅಂದಿರಿ. ಈಗ ನನ್ನಂಥವಳನ್ನು ತೋರಿಸಿದರೆ ಹೆಸರು ಬರುತ್ತೆ. ಅದಕ್ಕೆ ಈಗ ನಾನು ನಿಮ್ಮ ಉದಾಹರಣೆ."

"ಡಾಕ್ಟರ್, ರಾಜಕೀಯ ಅಂದ ಮೇಲೆ..."

"ಇದು ರಾಜಕೀಯ ಅಲ್ಲ. ವೈಯಕ್ತಿಕ. ಆವತ್ತೂ ವೈಯಕ್ತಿಕವೇ. ನನ್ನ ವಾರ್ಡಿನ ಹೆಸರು ಹಿಡಿದು ಹೇಳಿದ್ದು, ನನ್ನ ಬಣ್ಣ ನೋಡಿ ಹೇಳಿದ್ದು. ನಾನು ಎದ್ದು ನಿಂತು ಕೇಳಿದಾಗ ನೆಟ್ಟಗೆ ಉತ್ತರ ಕೂಡ ಕೊಡಲಿಲ್ಲ ನೀವು. ಇನ್ನು ಮುಂದೆ ಯಾವ ಸಮಿತಿಯಲ್ಲೂ ನನ್ನ ಹೆಸರು ಎತ್ತಬೇಡಿ. ಬೈಯೋದಕ್ಕೂ ಬೇಡ, ಹೊಗಳೋದಕ್ಕೂ ಬೇಡ."

ಅವಳ ದನಿ ಏರಿರಲಿಲ್ಲ. ನಂಜುಂಡಸ್ವಾಮಿ ಹತ್ತಿರ ಬಂದು ಕನ್ನಡದಲ್ಲಿ, "ಸಾಕು, ಬಾ ಹೋಗೋಣ," ಎಂದ.

ಅವಳು ಅವನ ಕಡೆ ತಿರುಗಿದಳು. "ಈಗ ನಕ್ರಲ್ಲ, ಯಾಕೆ?"

ಅವನ ಮುಖ ಕೆಂಪೇರಿತು. ಕ್ಯಾಮೆರಾ ಹಿಡಿದು ಬಂದ ಅಳಿಯ ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ. ಫಿಯೋನಾ ಸಾಲಡ್ಡಿನ ಬಟ್ಟಲು ಎದೆಗೊತ್ತಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

ಕಾರಿನಲ್ಲಿ ಹಿಂದಿನ ಸೀಟಿನಿಂದ ಜಯಮಾಲಾ, "ಗುಡ್ ಆನ್ ಯೂ, ಮಮ್," ಎಂದಳು. ಆಮೇಲೆ ಅಪ್ಪನಿಗೆ: "ಯೂ ನೆವರ್ ಟೋಲ್ಡ್ ಮಿ ಇಟ್ ವಾಸ್ ಲೈಕ್ ದಟ್. ಯೂ ಆಲ್ವೇಸ್ ಟೋಲ್ಡ್ ಇಟ್ ಆ್ಯಸ್ ಅ ಜೋಕ್."

ನಂಜುಂಡಸ್ವಾಮಿ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದ. "ನನಗೂ ಅವತ್ತು ಸಿಟ್ಟು ಬಂದಿತ್ತು ಕಣೇ," ಎಂದ ಹೆಂಡತಿಗೆ. "ಏನೂ ಮಾಡೋಕಾಗಲ್ಲ ಅಂತ ಗೊತ್ತಿತ್ತು. ಅದಕ್ಕೇ ನಗಾಡಿಬಿಟ್ಟೆ. ತಪ್ಪಾಯ್ತು."

"ಏಳು ವರ್ಷ ಬೇಕಾಯ್ತು ನಿಮಗೆ," ಎಂದಳು ವಿಶಾಲಾಕ್ಷಿ. ಪರವಾಗಿಲ್ಲ ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ. ಅವನೂ ಅದಕ್ಕೆ ಕಾಯಲಿಲ್ಲ.

ಸುದ್ದಿ ಮಾಡ್ಬರಿಯಲ್ಲಿ ಹಬ್ಬಿತು. ಕೆಲವು ಸ್ಕಾಟಿಷ್ ಮನೆಗಳವರು ಬೇರೆ ಡಾಕ್ಟರನ್ನು ಹುಡುಕಿಕೊಂಡರು. ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ಒಬ್ಬ ಮುದುಕನನ್ನು ಎಲ್ಲರೆದುರು ಹಾಗೆ ಅನ್ನಬಾರದಿತ್ತು ಎಂದು ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಕೂಡ ಮೆಲ್ಲಗೆ ಹೇಳಿದಳು. "ಇರಬಹುದು," ಎಂದು ವಿಶಾಲಾಕ್ಷಿ ಮುಂದಿನ ರೋಗಿಯನ್ನು ಕರೆದಳು. ಹೇಳಿದ್ದಕ್ಕೆ ಅವಳಿಗೆ ಪಶ್ಚಾತ್ತಾಪ ಆಗಲಿಲ್ಲ. ಸಿಟ್ಟು ಇಳಿದು ಹಗುರವಾಗುತ್ತದೆ ಎಂದು ಅಂದುಕೊಂಡಿದ್ದಳು, ಅದೂ ಆಗಲಿಲ್ಲ. ಎದೆಯಲ್ಲಿ ಅದು ಹಾಗೇ ಇತ್ತು. ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗುವುದು ಮಾತ್ರ ತಪ್ಪಿತ್ತು.

ಡಂಕನ್ ಊರಿಗೆ ಹೊರಟುಹೋದ ಮೇಲೆ, ಫೆಬ್ರವರಿಯ ಸುಡು ಬಿಸಿಲಿನ ಒಂದು ದಿನ, ಫಿಯೋನಾ ಮಗುವನ್ನು ಕರೆದುಕೊಂಡು ಬಂದಳು. ಕುರ್ಚಿಯ ಅಂಚಿನಲ್ಲಿ ಕೂತಳು.

"ನನ್ನ ಮನೆಯಲ್ಲಿ, ನನ್ನ ಅತಿಥಿಗಳೆದುರು, ನನ್ನ ಅಪ್ಪನಿಗೆ ಅವಮಾನ ಮಾಡಿದಿರಿ," ಎಂದಳು. ದನಿ ಬಿಗಿದಿತ್ತು.

"ಹೌದು, ಮಾಡಿದೆ."

"ನಿಜವಾ ಅಂತ ಅಪ್ಪನನ್ನು ಕೇಳಿದೆ. ನಿಜ ಅಂದರು. ಯಾಕೆ ಹಾಗೆ ಹೇಳಿದಿರಿ ಅಂದರೆ, ಯಾರನ್ನಾದರೂ ದೂರಲೇಬೇಕಿತ್ತು ಅಂದರು." ಅವಳು ಕಿಟಕಿಯ ಕಡೆ ನೋಡಿದಳು. "ಅದಾದ ಮೇಲೆ ನಾನು ಅವರ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ನಿಮ್ಮ ಮೇಲೂ ಸಿಟ್ಟಿದೆ. ಇಲ್ಲಿಗೆ ಬರಬಾರದು ಅಂತಲೇ ಇದ್ದೆ."

"ಮತ್ತೆ ಯಾಕೆ ಬಂದೆ?"

"ಇವನಿಗೆ ಮತ್ತೆ ಕಿವಿ ನೋವು. ಬೇರೆ ಡಾಕ್ಟರ ಹತ್ತಿರ ಕೂರುವುದೇ ಇಲ್ಲ."

ವಿಶಾಲಾಕ್ಷಿ ಮಗುವನ್ನು ಎತ್ತಿ ಮಂಚದ ಮೇಲೆ ಕೂರಿಸಿದಳು. ಕಿವಿ ನೋಡುವ ದೀಪ ಹೊತ್ತಿಸಿ, "ಅಲ್ಲಾಡಬೇಡ," ಎಂದು ಗಲ್ಲ ಹಿಡಿದು ತಿರುಗಿಸಿದಳು. ಒಳಗೆ ಚೆನ್ನಾಗಿ ಕೆಂಪಾಗಿತ್ತು. "ಔಷಧಿ ಬರೆದುಕೊಡುತ್ತೇನೆ. ಒಂದು ವಾರ ಬಿಟ್ಟು ಮತ್ತೆ ಕರೆದುಕೊಂಡು ಬಾ," ಎಂದಳು ಫಿಯೋನಾಗೆ.